ಅಡ್ವಾನ್ಸ್‌ನಲ್ಲಿ ಓನರ್ ಎಷ್ಟು ಮುರಿದುಕೊಳ್ಳಬಹುದು?

ಮನೆ ಖಾಲಿ ಮಾಡಿ ಹತ್ತು ದಿನ ಆಗಿರುತ್ತದೆ. ಹೊಸ ಮನೆಯಲ್ಲಿ ಇನ್ನೂ ಅರ್ಧ ಸಾಮಾನು ಬಿಚ್ಚಿರುವುದಿಲ್ಲ. ಆಗ ಹಳೇ ಓನರ್ ಕಡೆಯಿಂದ ವಾಟ್ಸಾಪ್‌ಗೆ ಒಂದು ಫೋಟೋ ಬರುತ್ತದೆ. ನೋಟ್‌ಬುಕ್ ಹಾಳೆಯ ಮೇಲೆ ಬರೆದ ಲೆಕ್ಕ. ಪೇಂಟಿಂಗ್ 20,000. ಕ್ಲೀನಿಂಗ್ 5,000. ಹೊಸ ಗೀಜರ್ 6,500. ವಾಶ್‌ಬೇಸಿನ್ 3,500. ಗೋಡೆಯ ಮೊಳೆ ತೂತು 2,000. ಕೊನೆಯ ಕರೆಂಟ್ ಮತ್ತು ನೀರಿನ ಬಿಲ್ 1,400. ಎಲ್ಲ ಕೂಡಿ 38,400 ರೂಪಾಯಿ. ಕೊಟ್ಟಿದ್ದ ಅಡ್ವಾನ್ಸ್ 1,20,000. ಖಾತೆಗೆ ಬಂದದ್ದು 81,600.

ಈ ಲೆಕ್ಕ ಉದಾಹರಣೆಗಾಗಿ ನಾನೇ ಕೂಡಿಸಿದ್ದು. ತಿಂಗಳ ಬಾಡಿಗೆ 20,000, ಆರು ತಿಂಗಳ ಅಡ್ವಾನ್ಸ್, ಮೂರು ವರ್ಷದ ವಾಸ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಇಂಥ ಹಾಳೆ ಹೊಸದೇನಲ್ಲ. ಹೆಚ್ಚಿನವರು ಫೋನ್‌ನಲ್ಲಿ ಒಂದು ಸಲ ಜಗಳ ಆಡಿ, "ಹೋಗ್ಲಿ ಬಿಡಿ" ಎಂದು ಕೈ ಚೆಲ್ಲುತ್ತಾರೆ. ಹಾಗೆ ಬಿಡಬೇಕಾಗಿಲ್ಲ. ಈ ಹಾಳೆಯಲ್ಲಿ ಕೆಲವು ಸಾಲು ನ್ಯಾಯವಾದವು, ಕೆಲವು ಅಲ್ಲ. ಯಾವುದು ಯಾವುದು ಎಂದು ಬಿಡಿಸಿ ನೋಡೋಣ.

ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಒಂದೇ ಮಾತು. ಅಡ್ವಾನ್ಸ್ ನಿಮ್ಮ ದುಡ್ಡು. ಬಾಡಿಗೆ ಬಾಕಿ ಉಳಿದರೆ, ಮನೆಗೆ ಹಾನಿಯಾದರೆ ಇರಲಿ ಎಂದು ಭದ್ರತೆಗಾಗಿ ಓನರ್ ಕೈಯಲ್ಲಿ ಇಟ್ಟಿದ್ದೀರಿ, ಅಷ್ಟೇ. ಹಾಗಾಗಿ ಅದರಲ್ಲಿ ಒಂದು ರೂಪಾಯಿ ಮುರಿದುಕೊಂಡರೂ ಯಾಕೆ ಎಂದು ಹೇಳಬೇಕಾದವರು ಓನರ್. ನಾವು ಮಾತ್ರ ನಮ್ಮದೇ ದುಡ್ಡನ್ನು ಬೇಡುವವರ ಹಾಗೆ ಮಾತು ಶುರು ಮಾಡುತ್ತೇವೆ. ಅಲ್ಲೇ ಅರ್ಧ ಸೋತಿರುತ್ತೇವೆ.

ಯಾವ ಕಾನೂನು ನಮಗೆ ಅನ್ವಯ?

"ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ, ಕಾನೂನು ಬಂದಿದೆ" ಎಂದು ಹೇಳುವವರು ಸಿಗುತ್ತಾರೆ. ಅವರು ಹೇಳುತ್ತಿರುವುದು ಮಾದರಿ ಬಾಡಿಗೆ ಕಾಯ್ದೆಯ ವಿಷಯ. ಕೇಂದ್ರ ಸಚಿವ ಸಂಪುಟ ಅದಕ್ಕೆ 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಹೆಚ್ಚೆಂದರೆ 2 ತಿಂಗಳ ಬಾಡಿಗೆ, ಅಂಗಡಿ ಅಥವಾ ಕಚೇರಿಗೆ 6 ತಿಂಗಳ ಬಾಡಿಗೆ ಎಂಬ ಮಿತಿ ಅದರಲ್ಲಿದೆ. ಆದರೆ ಅದು ಬರೀ ಮಾದರಿ. ಬಾಡಿಗೆ ಎಂಬುದು ರಾಜ್ಯದ ವಿಷಯ. ರಾಜ್ಯ ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ ಬರುತ್ತದೆ. ಬೆಂಗಳೂರಿನ ಓನರ್ ಮುಂದೆ ಅದನ್ನು ಕಾನೂನು ಎಂದು ಹಿಡಿಯಲು ಆಗುವುದಿಲ್ಲ.

ಹಾಗಾದರೆ ನಮ್ಮದೇ ಕರ್ನಾಟಕ ಬಾಡಿಗೆ ಕಾಯ್ದೆ, 1999? ಅದೂ ಹೆಚ್ಚಿನವರಿಗೆ ಸಿಗುವುದಿಲ್ಲ. ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಆ ಕಾಯ್ದೆ ಹೊರಗಿಟ್ಟಿದೆ. ಇವತ್ತು ಆ ಬಾಡಿಗೆಗೆ ಬೆಂಗಳೂರಿನಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ.

ಕೊನೆಗೆ ನಮಗೆ ಉಳಿಯುವುದು ಎರಡು ಹಳೇ ಕಾಯ್ದೆಗಳು ಮತ್ತು ನಿಮ್ಮ ಕರಾರು ಪತ್ರ. ಒಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಇನ್ನೊಂದು 1872ರ ಕರಾರು ಕಾಯ್ದೆ. ಹಳೇದಾದರೂ ಎರಡೂ ಗಟ್ಟಿ.

ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂನಲ್ಲಿ ಬಾಡಿಗೆದಾರರ ಹೊಣೆ ಏನು ಎಂದಿದೆ. ಮನೆ ಕೈಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ವಾಪಸ್ ಕೊಡಬೇಕು. ಆದರೆ ಸಹಜವಾದ ಸವಕಳಿ ಮತ್ತು ಯಾರ ಕೈಯಲ್ಲೂ ತಡೆಯಲು ಆಗದ ಹಾನಿ ಇದಕ್ಕೆ ಸೇರುವುದಿಲ್ಲ. ಅಂದರೆ ಮನುಷ್ಯರು ವಾಸ ಮಾಡಿದರೆ ಮನೆ ಸ್ವಲ್ಪ ಹಳೆಯದಾಗುತ್ತದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಿದೆ. ಆ ಹಳೆಯದಾಗುವುದಕ್ಕೆ ನೀವು ತಿಂಗಳು ತಿಂಗಳು ಬಾಡಿಗೆ ಕಟ್ಟಿದ್ದೀರಿ. ಅದಕ್ಕೇ ಮತ್ತೆ ಅಡ್ವಾನ್ಸ್‌ನಲ್ಲಿ ಮುರಿದುಕೊಂಡರೆ ಒಂದೇ ಬಾಬತ್ತಿಗೆ ಎರಡು ಸಲ ಕೊಟ್ಟ ಹಾಗೆ.

ಇಲ್ಲಿ ಒಂದು ಷರತ್ತು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸ್ಥಳೀಯ ರೂಢಿ ಬೇರೆ ಇಲ್ಲದಿದ್ದರೆ ಮಾತ್ರ ಈ ನಿಯಮ. "ಬೆಂಗಳೂರಲ್ಲಿ ಎಲ್ಲರೂ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹಿಡೀತಾರೆ" ಎಂದು ಓನರ್ ಹೇಳುವುದು ಈ ಕಾರಣಕ್ಕೆ ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆದರೆ ರೂಢಿ ಇದೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಬಾಯಿಮಾತು ಸಾಲದು.

ಹಾಳೆಯ ಒಂದೊಂದೇ ಸಾಲು

ಈಗ ಆ ನೋಟ್‌ಬುಕ್ ಹಾಳೆಗೆ ಬರೋಣ. ದೊಡ್ಡ ಮೊತ್ತ ಪೇಂಟಿಂಗ್‌ನದು, ದೊಡ್ಡ ಜಗಳವೂ ಅದರದೇ. ಮೊದಲು ಕರಾರು ಪತ್ರ ತೆಗೆದು ಆ ಸಾಲನ್ನು ಓದಿ. "ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು" ಎಂದು ಬರೆದಿದ್ದು, ನೀವು ಸಹಿ ಮಾಡಿದ್ದರೆ, ತಪ್ಪಿಸಿಕೊಳ್ಳುವುದು ಕಷ್ಟ. ಅದನ್ನು ಇಬ್ಬರೂ ಒಪ್ಪಿದ ಬೆಲೆ ಎಂದೇ ನೋಡುತ್ತಾರೆ. ಅಲ್ಲಿ ನೀವು ಹಿಡಿಯಬಹುದಾದದ್ದು ಒಂದೇ: ಬರೆದದ್ದಕ್ಕಿಂತ ಜಾಸ್ತಿ ಮುರಿಯುವ ಹಾಗಿಲ್ಲ. ಒಂದು ತಿಂಗಳು ಎಂದು ಬರೆದು, "ಈಗ ಪೇಂಟ್ ರೇಟು ಜಾಸ್ತಿ ಆಗಿದೆ" ಎಂದು ಒಂದೂವರೆ ತಿಂಗಳು ಹಿಡಿದರೆ ಆ ಅರ್ಧ ತಿಂಗಳು ನಿಮ್ಮದು.

"ಪೇಂಟಿಂಗ್ ಖರ್ಚನ್ನು ಬಾಡಿಗೆದಾರರು ಭರಿಸತಕ್ಕದ್ದು" ಎಂದು ಇದ್ದರೆ ವಿಷಯ ಬೇರೆ. ಖರ್ಚು ಎಂದರೆ ನಿಜವಾಗಿ ಆದ ಖರ್ಚು. ಪೇಂಟ್ ಅಂಗಡಿ ಬಿಲ್ ಕೇಳಿ, ಪೇಂಟರ್‌ಗೆ ಕೊಟ್ಟ ಕೂಲಿ ಎಷ್ಟು ಎಂದು ಕೇಳಿ. ಬಣ್ಣ ಹೊಡೆಸದೆ ಹಾಗೇ ಮುಂದಿನವರಿಗೆ ಕೊಟ್ಟಿದ್ದರೆ ಖರ್ಚೇ ಆಗಿಲ್ಲ, ಅಲ್ವಾ?

ಕರಾರಿನಲ್ಲಿ ಪೇಂಟಿಂಗ್ ಮಾತೇ ಇಲ್ಲದಿದ್ದರೆ 108ನೇ ಕಲಂ ನಿಮ್ಮ ಕಡೆ. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಸವಕಳಿ. ಬೀರು, ಸೋಫಾ ಇದ್ದ ಜಾಗದಲ್ಲಿ ಬಣ್ಣದ ವ್ಯತ್ಯಾಸ ಕಾಣುವುದು ಸವಕಳಿ. ಮಳೆಗಾಲದಲ್ಲಿ ಗೋಡೆಯಲ್ಲಿ ತೇವ ಇಳಿದು ಬಣ್ಣ ಎದ್ದು ಬಂದರೆ ಅದು ಕಟ್ಟಡದ ದೋಷ, ನಿಮ್ಮದಂತೂ ಅಲ್ಲ. ಆದರೆ ಮಗು ಕ್ರೇಯಾನ್‌ನಲ್ಲಿ ಹಾಲ್ ತುಂಬ ಗೀಚಿದ್ದರೆ, ದೀಪದ ಮಸಿಯಿಂದ ದೇವರ ಮೂಲೆ ಕಪ್ಪಾಗಿದ್ದರೆ, ನಾಯಿ ಬಾಗಿಲು ಕೆರೆದಿದ್ದರೆ ಅದು ಹಾನಿ. ಅದನ್ನು ಒಪ್ಪಿಕೊಳ್ಳಬೇಕು. ಅಲ್ಲೂ ಆ ಗೋಡೆಯ ಲೆಕ್ಕ ಮಾತ್ರ, ಇಡೀ ಮನೆಯದಲ್ಲ.

ಮಾತುಕತೆಗೆ ಕೂತಾಗ ಉಪಯೋಗಕ್ಕೆ ಬರುವ ಒಂದು ಲೆಕ್ಕ ಹೇಳುತ್ತೇನೆ. ಕಾನೂನಿನಲ್ಲಿ ಬರೆದ ಸೂತ್ರ ಅಲ್ಲ, ನ್ಯಾಯ ಎನಿಸುವ ಲೆಕ್ಕ. ಒಂದು ಗೋಡೆಯ ಬಣ್ಣ ನಾಲ್ಕು ವರ್ಷ ಬಾಳುತ್ತದೆ ಎಂದು ಇಬ್ಬರೂ ಒಪ್ಪಿದಿರಿ ಎನ್ನಿ. ನೀವು ಮೂರು ವರ್ಷ ಇದ್ದಿರಿ. ಆ ಬಣ್ಣದ ಮುಕ್ಕಾಲು ಆಯುಸ್ಸು ಹೇಗೂ ಮುಗಿದಿತ್ತು. ಕ್ರೇಯಾನ್ ಗೀಚಿದ ಗೋಡೆಗೆ 2,000 ರೂಪಾಯಿ ಆಗುತ್ತದೆ ಎಂದರೆ ನಿಮ್ಮ ಪಾಲು ಕಾಲು ಭಾಗ, 500. ಹಳೇ ವಸ್ತುವಿಗೆ ಹೊಸದರ ಬೆಲೆ ಕೊಡುವುದು ಯಾವ ವ್ಯಾಪಾರದಲ್ಲೂ ಇಲ್ಲ.

ಗೀಜರ್ ವಿಷಯದಲ್ಲಿ ಇದೇ ಲೆಕ್ಕ ಇನ್ನೂ ಮುಖ್ಯ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಗೀಜರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಒಂದು ದಿನ ಕೆಡುತ್ತದೆ. ಅದೇ ನೀರು ನಲ್ಲಿಗಳ ಮೇಲೆ, ಬಚ್ಚಲ ಟೈಲ್ಸ್ ಮೇಲೆ ಬಿಳಿ ಕಲೆ ಬಿಡುತ್ತದೆ. ಅದು ನಿಮ್ಮ ತಪ್ಪಲ್ಲ. ಹಾಗಂತ ಗೀಜರ್ ರಿಪೇರಿ ಪೂರ್ತಿ ಓನರ್ ತಲೆಗೆ ಎಂದು ಹೇಳಲೂ ನಾನು ತಯಾರಿಲ್ಲ. ಮೇಲೆ ಹೇಳಿದ 2021ರ ಮಾದರಿ ಕಾಯ್ದೆಯಲ್ಲಿ ಯಾವ ರಿಪೇರಿ ಯಾರದು ಎಂಬ ಪಟ್ಟಿ ಇದೆ. ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗೆ ಪೇಂಟ್, ಪೈಪು, ವೈರಿಂಗ್ ಓನರ್‌ದು. ನಲ್ಲಿ ವಾಷರ್, ಸ್ವಿಚ್ಚು, ವಾಶ್‌ಬೇಸಿನ್ ರಿಪೇರಿ, ಗೀಜರ್ ರಿಪೇರಿ ಬಾಡಿಗೆದಾರರದು. ಕರ್ನಾಟಕದಲ್ಲಿ ಅದಕ್ಕೆ ಕಾನೂನಿನ ಬಲ ಇಲ್ಲದಿದ್ದರೂ ಮಾತುಕತೆಗೆ ಒಳ್ಳೆ ಅಳತೆಗೋಲು. ಅದರ ಪ್ರಕಾರ ನೋಡಿದರೂ ನಿಮ್ಮದು ರಿಪೇರಿ ಖರ್ಚು ಮಾತ್ರ. ಓನರ್ ಹಾಕಿಸಿಕೊಂಡ ಹೊಸ ಗೀಜರ್‌ನ ಬೆಲೆ ಅಲ್ಲ. ಕಾಯಿಲ್ ಬದಲಿಸಲು 1,000 ಆಗುತ್ತಿತ್ತು ಎಂದರೆ ಆ 1,000 ಒಪ್ಪಿ, ಉಳಿದ 5,500 ಕೇಳಿ.

ಉಳಿದವು ಬೇಗ ಮುಗಿಯುತ್ತವೆ. ಕರೆಂಟ್, ನೀರಿನ ಬಿಲ್ 1,400 ನಿಮ್ಮದೇ, ಬಿಲ್ ನೋಡಿ ಕೊಟ್ಟುಬಿಡಿ. ವಾಶ್‌ಬೇಸಿನ್ ನಿಮ್ಮ ಕೈಯಿಂದ ಬಿರುಕು ಬಿಟ್ಟಿದ್ದರೆ 3,500 ಕೂಡ ಒಪ್ಪಿ, ಆದರೆ ಪ್ಲಂಬರ್ ಬಿಲ್ ಕೇಳಿ. ಕ್ಯಾಲೆಂಡರ್ ನೇತುಹಾಕಿದ ಮೊಳೆ ತೂತು ವಾಸದ ಭಾಗ. ಟಿವಿ ಹಾಕಲು ಡ್ರಿಲ್ ಮಾಡಿದ ದೊಡ್ಡ ತೂತುಗಳಿಗೆ 500 ಕೊಡಬಹುದು. ಮನೆ ಗುಡಿಸಿ, ಒರೆಸಿ, ಬಚ್ಚಲು ತೊಳೆದು ಬಿಟ್ಟಿದ್ದರೆ 5,000ದ ಕ್ಲೀನಿಂಗ್‌ಗೆ ಆಧಾರವೇ ಇಲ್ಲ.

ಹೀಗೆ ಕೂಡಿದರೆ ನೀವು ಒಪ್ಪುವ ಮೊತ್ತ 6,400. ಪೇಂಟಿಂಗ್ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ನಿಮಗೆ ಬರಬೇಕಾದದ್ದು 32,000. ಇದ್ದರೆ 12,000.

ಇನ್ನೊಂದು ರೀತಿಯ ಕಡಿತವೂ ಇದೆ. "ಅವಧಿಗೆ ಮುಂಚೆ ಬಿಟ್ಟಿರಿ, ಎರಡು ತಿಂಗಳ ಬಾಡಿಗೆ ದಂಡ" ಎನ್ನುವುದು. ಇದಕ್ಕೆ ಕರಾರು ಕಾಯ್ದೆಯ 74ನೇ ಕಲಂ ನೋಡಬೇಕು. ಕರಾರು ಮುರಿದರೆ ಇಷ್ಟು ಕೊಡಬೇಕು ಎಂದು ಬರೆದಿದ್ದರೂ ಅದು ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಸಿಗಬೇಕು. ನಷ್ಟವನ್ನು ಲೆಕ್ಕ ಹಾಕಲು ಸಾಧ್ಯ ಇರುವ ಕಡೆ ಅದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಹೇಳಿದೆ. ನೀವು ಬಿಟ್ಟ ವಾರದಲ್ಲೇ ಟು-ಲೆಟ್ ಬೋರ್ಡ್ ಇಳಿದು ಹೊಸಬರು ಬಂದಿದ್ದರೆ ಎರಡು ತಿಂಗಳ ನಷ್ಟ ಎಲ್ಲಿ ಆಯಿತು? ಆದರೆ ಒಂದು ತಿಂಗಳ ನೋಟಿಸ್ ಎಂದು ಒಪ್ಪಿ, ಹೇಳದೆ ಕೇಳದೆ ಬಿಟ್ಟು, ಮನೆ ಆ ತಿಂಗಳು ಖಾಲಿ ಬಿದ್ದಿದ್ದರೆ ಆ ಬಾಡಿಗೆ ಓನರ್‌ಗೆ ಸೇರಬೇಕಾದದ್ದೇ.

ಕೀ ಕೊಡುವ ದಿನ

ನನ್ನ ಅಭಿಪ್ರಾಯದಲ್ಲಿ ಅಡ್ವಾನ್ಸ್ ಜಗಳ ಗೆಲ್ಲುವುದೋ ಸೋಲುವುದೋ ಕೀ ಕೊಡುವ ದಿನ ನಿರ್ಧಾರವಾಗುತ್ತದೆ. ಸಾಮಾನು ಲಾರಿಗೆ ಏರಿದ ಮೇಲೆ ಖಾಲಿ ಮನೆಯಲ್ಲಿ ಒಂದು ಸಲ ಮೊಬೈಲ್ ಹಿಡಿದು ನಡೆಯಿರಿ. ಒಂದೇ ಉದ್ದನೆಯ ವಿಡಿಯೋ. ಎಲ್ಲ ಗೋಡೆ, ಎಲ್ಲ ನಲ್ಲಿ ಬಿಟ್ಟು ತೋರಿಸಿ, ಸ್ವಿಚ್ಚು ಹಾಕಿ ತೋರಿಸಿ, ಗೀಜರ್ ದೀಪ ಹತ್ತಿದ್ದು, ಕೊನೆಗೆ ಕರೆಂಟ್ ಮೀಟರ್ ರೀಡಿಂಗ್. ಓನರ್ ಅಥವಾ ಅವರ ಮನೆಯವರು ಜೊತೆಗೆ ಇದ್ದರೆ ಇನ್ನೂ ಒಳ್ಳೆಯದು. ಏನಾದರೂ ಹಾಳಾಗಿದ್ದರೆ ಅವತ್ತೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಆಮೇಲೆ ಆ ಪಟ್ಟಿ ಬೆಳೆಯುವುದಿಲ್ಲ. ಗೃಹಜ್ಯೋತಿ ಯೋಜನೆಗಾಗಿ ನಿಮ್ಮ ಆಧಾರ್‌ಗೆ ಆ ಮನೆಯ ಮೀಟರ್ ಜೋಡಿಸಿದ್ದರೆ ಅದನ್ನು ಬಿಡಿಸಿಕೊಳ್ಳುವುದನ್ನೂ ಮರೆಯಬೇಡಿ.

ಮನೆಗೆ ಸೇರುವಾಗ ಫೋಟೋ ತೆಗೆದಿಲ್ಲ ಎಂದು ಕೈಕಟ್ಟಿ ಕೂರಬೇಡಿ. ಆ ಮನೆಯಲ್ಲಿ ಮಾಡಿದ ಮೊದಲ ಗೌರಿ-ಗಣೇಶ ಹಬ್ಬದ ಫೋಟೋ ಹುಡುಕಿ. ಹಿಂದೆ ಗೋಡೆ ಕಾಣುತ್ತದೆ. ಮಗುವಿನ ಹುಟ್ಟುಹಬ್ಬದ ವಿಡಿಯೋದಲ್ಲಿ ಬಾಗಿಲು ಕಾಣುತ್ತದೆ. ಬಾಡಿಗೆಗೆ ಹುಡುಕುವಾಗ ಬ್ರೋಕರ್ ಕಳಿಸಿದ ಫೋಟೋಗಳು ಹಳೇ ಚಾಟ್‌ನಲ್ಲಿ ಇರಬಹುದು. ಇವೆಲ್ಲ ಸಾಕ್ಷಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಮೊಬೈಲ್‌ನ ಫೋಟೋ, ಚಾಟ್‌ಗಳನ್ನು ಒಂದು ಪ್ರಮಾಣಪತ್ರದ ಜೊತೆ ಕೋರ್ಟಿಗೆ ಕೊಡಬಹುದು. ಹಾಗಾಗಿ ಮುಗಿಯುವವರೆಗೆ ಆ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ.

"ಅಡ್ವಾನ್ಸ್ ಕೊಡೋವರೆಗೂ ಕೀ ಕೊಡಲ್ಲ" ಎನ್ನುವುದು ಎಷ್ಟೋ ಜನ ಮಾಡುವ ಉಪಾಯ. ನನಗೆ ಅದು ಅಪಾಯ ಅನಿಸುತ್ತದೆ. ಕೀ ನಿಮ್ಮ ಹತ್ತಿರ ಇರುವಷ್ಟು ದಿನ ಮನೆ ನಿಮ್ಮ ಕೈಯಲ್ಲೇ ಇದೆ, ಬಾಡಿಗೆ ಬೆಳೆಯುತ್ತಿದೆ ಎಂದು ಓನರ್ ವಾದಿಸಬಹುದು. ಒಂದು ಕೈಯಲ್ಲಿ ಕೀ, ಇನ್ನೊಂದು ಕೈಯಲ್ಲಿ ದುಡ್ಡು ಎಂದು ಮೊದಲೇ ದಿನ ಗೊತ್ತು ಮಾಡಿಕೊಳ್ಳುವುದು ಮೇಲು. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ವಜಾ ಮಾಡಿಕೊಳ್ಳಿ ಎಂದು ಕೇಳುವುದೂ ಒಳ್ಳೆ ದಾರಿ. ಓನರ್ ಒಪ್ಪಿದರೆ ಅದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಕರಾರಿನಲ್ಲಿ ಬೇಡ ಎಂದಿದ್ದರೆ ಒಪ್ಪಿಗೆ ಇಲ್ಲದೆ ಬಾಡಿಗೆ ನಿಲ್ಲಿಸಬೇಡಿ.

ಫೋನ್ ಬೇಡ, ಬರೆಯಿರಿ

ಕಡಿತದ ಲೆಕ್ಕ ಕೈಗೆ ಬಂದ ಮೇಲೆ ಮೊದಲ ಉತ್ತರ ಬರಹದಲ್ಲಿ ಇರಲಿ. ಸಿಟ್ಟು ಬೇಡ, ನೆಂಟಸ್ತಿಕೆಯ ಮಾತೂ ಬೇಡ. ಹೀಗೆ ಬರೆಯಬಹುದು:

"ಸರ್, ನಮಸ್ಕಾರ. ನೀವು ಕಳಿಸಿದ ಲೆಕ್ಕ ನೋಡಿದೆ. ಕರೆಂಟ್ ಮತ್ತು ನೀರು 1,400, ವಾಶ್‌ಬೇಸಿನ್ 3,500, ಗೋಡೆ ತೂತು 500, ಗೀಜರ್ ರಿಪೇರಿ 1,000, ಒಟ್ಟು 6,400ಕ್ಕೆ ನನ್ನ ಒಪ್ಪಿಗೆ ಇದೆ. ನಮ್ಮ ಕರಾರಿನಲ್ಲಿ ಪೇಂಟಿಂಗ್ ಖರ್ಚಿನ ಮಾತಿಲ್ಲ. ಮನೆ ಸ್ವಚ್ಛ ಮಾಡಿ ಕೊಟ್ಟ ವಿಡಿಯೋ ಕಳಿಸಿದ್ದೇನೆ. ಉಳಿದ ಖರ್ಚಿಗೆ ಬಿಲ್ ಇದ್ದರೆ ದಯವಿಟ್ಟು ಕಳಿಸಿ. ಇಲ್ಲದಿದ್ದರೆ ಬಾಕಿ 32,000 ರೂಪಾಯಿಯನ್ನು 15 ದಿನದೊಳಗೆ ನನ್ನ ಖಾತೆಗೆ ಹಾಕಬೇಕಾಗಿ ವಿನಂತಿ."

ಒಪ್ಪುವುದನ್ನು ಮೊದಲೇ ಒಪ್ಪಿದ್ದರಿಂದ ನಿಮ್ಮ ಮಾತಿಗೆ ತೂಕ ಬರುತ್ತದೆ. ಓನರ್ "ಆಯ್ತು, ಮುಂದಿನ ತಿಂಗಳು ನೋಡೋಣ" ಎಂದು ಉತ್ತರಿಸಿದರೂ ದುಡ್ಡು ಬಾಕಿ ಇದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ. ಸ್ವಲ್ಪ ದುಡ್ಡು ಕೊಟ್ಟು "ಲೆಕ್ಕ ಚುಕ್ತಾ" ಎಂದು ಬರೆದು ಸಹಿ ಕೇಳುತ್ತಾರೆ. ಕರಾರು ಕಾಯ್ದೆಯ 63ನೇ ಕಲಂ ಪ್ರಕಾರ, ಬರಬೇಕಾದದ್ದಕ್ಕಿಂತ ಕಡಿಮೆ ಮೊತ್ತವನ್ನು ಪೂರ್ತಿ ಸಂದಾಯ ಎಂದು ಒಪ್ಪಿಕೊಂಡರೆ ಉಳಿದದ್ದನ್ನು ಕೇಳುವ ಹಕ್ಕು ಹೋಗುತ್ತದೆ. ದುಡ್ಡು ತಗೊಳ್ಳಿ. ರಸೀದಿಯಲ್ಲಿ "ಭಾಗಶಃ ಪಾವತಿ, ಬಾಕಿ ಉಳಿದಿದೆ" ಎಂದು ಬರೆಯಿರಿ.

ಹದಿನೈದು ದಿನ ಕಳೆದರೂ ಉತ್ತರ ಇಲ್ಲದಿದ್ದರೆ ನೋಟಿಸ್. ವಕೀಲರ ಮೂಲಕ ಕಳಿಸಿದರೆ ತೂಕ ಜಾಸ್ತಿ, ನೀವೇ ಬರೆದರೂ ನಡೆಯುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ. ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿಹೋಗಿದೆ. ನೋಟಿಸ್‌ನಲ್ಲಿ ಮೊತ್ತದ ಜೊತೆ "ಇಂಥ ದಿನದಿಂದ ಬಡ್ಡಿಯನ್ನೂ ಕೇಳುತ್ತೇನೆ" ಎಂಬ ಸಾಲು ಇರಲಿ. 1978ರ ಬಡ್ಡಿ ಕಾಯ್ದೆಯ ಪ್ರಕಾರ ಹೀಗೆ ಬರೆದು ಕೇಳಿದ ದಿನದಿಂದ ಕೋರ್ಟ್ ಬಡ್ಡಿ ಕೊಡಿಸಬಹುದು. ಈ ಒಂದು ಸಾಲನ್ನು ಎಷ್ಟೋ ಜನ ಬರೆಯುವುದೇ ಇಲ್ಲ.

ಪೊಲೀಸ್ ಠಾಣೆಗೆ ಹೋಗಿ ಪ್ರಯೋಜನ ಕಡಿಮೆ, ಇದು ಸಿವಿಲ್ ವ್ಯಾಜ್ಯ. ಅದರ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್ ಮುಂದೆ ಇಡಲು ಅಲ್ಲಿ ಅರ್ಜಿ ಕೊಡಬಹುದು. ಓನರ್‌ಗೆ ಅಲ್ಲಿಂದ ನೋಟಿಸ್ ಹೋಗುತ್ತದೆ. ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟ್ ಡಿಕ್ರಿಯ ಬಲ ಇದೆ, ಮೇಲ್ಮನವಿ ಇಲ್ಲ. ಓನರ್ ಬರಲೇಬೇಕು ಎಂಬ ಒತ್ತಾಯ ಇಲ್ಲ, ಅದು ಇದರ ಮಿತಿ. ಆದರೂ ಸರ್ಕಾರಿ ಮುದ್ರೆ ಇರುವ ಕಾಗದ ಮನೆಗೆ ಬಂದಾಗ ಮಾತಿನ ಧಾಟಿ ಬದಲಾಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ಕೊನೆಯ ಮೆಟ್ಟಿಲು ಸಿವಿಲ್ ಕೋರ್ಟ್. ದುಡ್ಡು ವಾಪಸ್ ಬರಬೇಕಾದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಅಲ್ಲಿಗೆ ಹೋಗುವ ಮೊದಲು ಕರಾರು ಪತ್ರದ ಮುದ್ರಾಂಕ ಶುಲ್ಕ ಸರಿ ಇದೆಯಾ ಎಂದು ವಕೀಲರ ಹತ್ತಿರ ನೋಡಿಸಿ. ಅಂಗಡಿಯಲ್ಲಿ ಕೊಟ್ಟ ಸ್ಟಾಂಪ್ ಪೇಪರ್ ಮೇಲೆ 11 ತಿಂಗಳ ಕರಾರು ಟೈಪ್ ಮಾಡಿಸಿದವರು ಹೆಚ್ಚು. ಶುಲ್ಕ ಕಡಿಮೆ ಬಿದ್ದಿದ್ದರೆ ಕರ್ನಾಟಕ ಸ್ಟಾಂಪ್ ಕಾಯ್ದೆ, 1957ರ ಪ್ರಕಾರ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಆ ಪತ್ರವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುತ್ತಾರೆ. ಅಡ್ವಾನ್ಸ್ ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಆ ದಾಖಲೆ ಬೇರೆಯೇ ನಿಲ್ಲುತ್ತದೆ. ನಗದು ಕೊಟ್ಟು ರಸೀದಿ ಇಲ್ಲದವರಿಗೆ ಕರಾರು ಪತ್ರವೇ ಆಧಾರ, ಅವರು ಈ ಶುಲ್ಕದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ನಮ್ಮ ಉದಾಹರಣೆಯ 12,000ಕ್ಕಾಗಿ ಕೋರ್ಟ್ ಅಲೆಯಿರಿ ಎಂದು ನಾನು ಹೇಳುವುದಿಲ್ಲ. ಬರಹದ ಕೋರಿಕೆ, ನೋಟಿಸ್, ಲೋಕ ಅದಾಲತ್ ಅರ್ಜಿ, ಈ ಮೂರರಲ್ಲಿ ಎಷ್ಟು ಬರುತ್ತದೋ ನೋಡಿ, 8,000ಕ್ಕೆ ಒಪ್ಪಂದ ಆದರೆ ತಗೊಳ್ಳಿ. 32,000 ಆದರೆ ನೋಟಿಸ್‌ಗೆ ವಕೀಲರನ್ನು ಹಿಡಿಯುವುದು ತಕ್ಕ ಖರ್ಚು. ಇಡೀ 1,20,000 ಹಿಡಿದುಕೊಂಡು ಓನರ್ ಫೋನೇ ಎತ್ತದಿದ್ದರೆ, ಅಥವಾ ಭೋಗ್ಯಕ್ಕೆ ಕೊಟ್ಟ ಲಕ್ಷಗಳು ಸಿಕ್ಕಿಕೊಂಡಿದ್ದರೆ, ಮೂರು ವರ್ಷದ ಗಡುವು ಕಾಯದೆ ಮೊದಲ ತಿಂಗಳಲ್ಲೇ ವಕೀಲರ ಹತ್ತಿರ ಹೋಗಿ.